ಮೂವರು ಕಚ್ಚಿಟ್ಟ ರೊಟ್ಟಿ

ಸಮರ್‌ಕಂದದ ಯಹೂದಿ ಕೇರಿಯಲ್ಲಿ ಯಾಫಾಳ ಮನೆಗೆ ಈಗ ಯಾರೂ ಹೋಗುವುದಿಲ್ಲ. ಅಂಗಳ ಒಂದೇ, ತಂದೂರಿ ಒಲೆಯೂ ಒಂದೇ. ಆದರೂ ಪಕ್ಕದ ಮನೆಯ ಬುಲೋರ್, ಯಾಫಾ ರೊಟ್ಟಿ ಸುಟ್ಟುಕೊಂಡು ಒಳಗೆ ಹೋದ ಮೇಲೇ ಹೊರಗೆ ಬರುತ್ತಾಳೆ.

ಯಾಫಾಳ ಮನೆಯವರು ಮಾಡಿದ ತಪ್ಪಾದರೂ ಏನು? ಇಸ್ರೇಲಿನಲ್ಲಿರುವ ಯಾಫಾಳ ಅಣ್ಣನ ಹತ್ತಿರ ಹೋಗುತ್ತೇವೆ, ಬಿಡಿ ಎಂದು ಸೋವಿಯತ್ ಸರ್ಕಾರವನ್ನು ಕೇಳಿದರು. ಸರ್ಕಾರ ಆಗುವುದಿಲ್ಲ ಎಂದಿತು. ಗಂಡ ಇಲ್ಯಾವುನ ಮೇಷ್ಟ್ರ ಕೆಲಸವೂ ಹೋಯಿತು. ಈಗ ಊರ ಸ್ನಾನದ ಮನೆಯಲ್ಲಿ ನೀರು ಕಾಯಿಸುತ್ತಾನೆ. ಅವರ ಜೊತೆ ಕಂಡರೆ ತಮಗೂ ಅದೇ ಗತಿ ಎಂದು ಕೇರಿಯವರಿಗೆ ಹೆದರಿಕೆ.

ಬುಲೋರಳಿಗೆ ಇನ್ನೊಂದು ಅಳುಕು, ಗೋಡೆಯ ಮೇಲಿನ ರೊಟ್ಟಿಯದು. ಅಲ್ಲಿನ ವಾಡಿಕೆಯಂತೆ ದೂರ ಹೊರಟವರು ರೊಟ್ಟಿಯನ್ನು ಒಂದೊಂದು ತುತ್ತು ಕಚ್ಚಿ ಹೋಗಬೇಕು; ಉಳಿದದ್ದನ್ನು ಊರಲ್ಲಿರುವವರು ಗೋಡೆಗೆ ತೂಗುಹಾಕಬೇಕು; ಮತ್ತೆ ಸೇರಿದಾಗ ಕೂಡಿ ತಿನ್ನಬೇಕು. ಕೆಲವು ವರ್ಷಗಳ ಹಿಂದೆ, ಅರ್ಜಿ ಕೊಟ್ಟ ದಿನವೇ, ಇನ್ನೇನು ಹೊರಟೇಬಿಟ್ಟರು ಎಂಬ ಸಡಗರದಲ್ಲಿ, ಬುಲೋರಳೇ ರೊಟ್ಟಿ ಹಿಡಿದು ಗಂಡ, ಹೆಂಡತಿ, ಪುಟ್ಟ ಮಗಳು ಮೂವರಿಂದಲೂ ಕಚ್ಚಿಸಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ! ಆ ರೊಟ್ಟಿ ಇವಳ ಗೋಡೆಯ ಮೇಲೆ ಒಣಗಿ ಕಲ್ಲಾಗಿದೆ.

ಒಂದು ಬೆಳಿಗ್ಗೆ ಕೇರಿಯ ನರ್ಸ್ ಸಿಪೋರಾ ಬುಲೋರಳ ಮನೆಗೆ ಬಂದಳು. ಬುಲೋರ್ ಗೋಡೆಯ ರೊಟ್ಟಿಯತ್ತ ಕೈ ತೋರಿದಳು.

“ಇದನ್ನೇನು ಮಾಡ್ಲಿ ಸಿಪೋರಕ್ಕ? ಯಾರಾದ್ರೂ ನೋಡಿದ್ರೆ ನನ್ನ ಮಗನ ಕೆಲಸಕ್ಕೂ ಕುತ್ತು.”

“ಬಿಸಾಕು.”

“ಅಯ್ಯಯ್ಯೋ, ರೊಟ್ಟಿ ಬಿಸಾಕೋದಾ!”

“ರೊಟ್ಟಿ ಬಿಸಾಕೋಕೆ ಅಂಜ್ತೀಯ, ಮನುಷ್ಯರನ್ನ ಬಿಸಾಕಿದ್ದೀಯಲ್ಲೇ!”

“ಊರ ಉಸಾಬರಿ ನಮಗ್ಯಾಕಕ್ಕ?”

“ಭಯ ನಂಗೂ ಇದೆ ಕಣೆ. ಆದ್ರೆ ಹೋಗ್ತೀವಿ ಅಂತ ಕೇಳೋದು ಕಳ್ಳತನ ಅಲ್ಲ. ಯಾರೂ ಸುಳಿಯದ ಮನೆಯವರನ್ನ ಎಳ್ಕೊಂಡು ಹೋಗೋದು ಪೊಲೀಸರಿಗೆ ಸುಲಭ. ಜನ ಬಂದು ಹೋಗೋ ಬಾಗಿಲಿಗೆ ಕೈ ಹಾಕೋಕೆ ಅವ್ರೂ ಒಂದ್ಸಲ ಯೋಚಿಸ್ತಾರೆ. ಮುಖ ಕಾಣದ ಪರದೇಶದವರು ಇವರಿಗೆ ಕಾಗದ ಬರೀತಿದ್ದಾರೆ. ನೀನು ಪಕ್ಕದ ಮನೆಯವಳು.”

“ಹಾಗಾದ್ರೆ ಅವರದ್ದು ಅವರಿಗೇ ಕೊಟ್ಟು ಕೈ ತೊಳ್ಕೊತೀನಿ,” ಎಂದು ಬುಲೋರ್ ರೊಟ್ಟಿಯನ್ನು ಹೊದ್ದ ಶಾಲಿನೊಳಗೆ ಮುಚ್ಚಿಕೊಂಡು ಹೊರಟಳು.

ಬಾಗಿಲು ತೆರೆದ ಯಾಫಾ, ಶಾಲಿನಿಂದ ಹೊರಬಂದ ರೊಟ್ಟಿ ನೋಡಿದ್ದೇ ಬಿಳಿಚಿಕೊಂಡಳು. “ನಾವಿನ್ನು ಹೋಗೋದೇ ಇಲ್ಲ ಅಂತ ನೀನೂ ಅಂದ್ಕೊಂಡ್ಬಿಟ್ಯಾ ಅಕ್ಕ?”

ಅಷ್ಟರಲ್ಲಿ ಯಾಫಾಳ ಮಗಳು ಮಾಜಲ್ ಓಡಿ ಬಂದು ರೊಟ್ಟಿಯ ಅಂಚಿಗೆ ಬಾಯಿಟ್ಟು ನೋಡಿದಳು.

“ಇದು ನಂದು! ಅಮ್ಮ, ಎಷ್ಟು ಚಿಕ್ಕ ಬಾಯಿತ್ತು ನಂದು!”

ಅಂಚಿನಲ್ಲಿ ಹಾಲುಹಲ್ಲಿನ ಗುರುತು ಹಾಗೇ ಇತ್ತು. ಆ ಹಲ್ಲೆಲ್ಲ ಬಿದ್ದು ಹೊಸವು ಬಂದಿದ್ದವು. ಗೋಡೆಯಾಚೆಯೇ ಮಗು ಇಷ್ಟುದ್ದ ಬೆಳೆದಿದೆ, ತಾನು ಕಣ್ಣೆತ್ತಿಯೂ ನೋಡಿಲ್ಲ. ಬುಲೋರ್ ಮಗುವನ್ನು ಬಾಚಿ ತಬ್ಬಿಕೊಂಡು ಅತ್ತಳು.

“ಇಲ್ಲ ಕಣೆ ಯಾಫಾ. ಸುಮ್ನೆ ತೋರಿಸೋಕೆ ತಂದೆ,” ಎಂದು ಸುಳ್ಳು ಹೇಳಿದಳು. “ಇದು ನಮ್ಮನೇಲೇ ಇರುತ್ತೆ. ನೀವು ಹೋಗೇ ಹೋಗ್ತೀರ. ನಾಳೆ ಒಲೆ ಹತ್ರ ಬಾ, ಒಟ್ಟಿಗೇ ರೊಟ್ಟಿ ಸುಡೋಣ.”

ಈ ಸಲ ರೊಟ್ಟಿಯನ್ನು ಜಗುಲಿಯ ಗೋಡೆಗೆ, ಅಂಗಳಕ್ಕೆ ಬಂದವರಿಗೆಲ್ಲ ಕಾಣುವಂತೆ ತೂಗುಹಾಕಿದಳು. ಕೆಲಸದಿಂದ ಬಂದ ಮಗ ಅದನ್ನು ನೋಡಿದ, ತಾಯಿಯ ಮುಖ ನೋಡಿದ. ಸುತ್ತಿಗೆ ತಂದು ಮೊಳೆಗೆ ಇನ್ನೆರಡೇಟು ಹಾಕಿ ಭದ್ರಮಾಡಿದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೇರಿಯಲ್ಲೂ ಯಾರೂ ತಟ್ಟದ ಬಾಗಿಲೊಂದು ಇದೆಯೇ? ಹಗಲಲ್ಲೇ ಹೋಗಿ ತಟ್ಟಿ. ದೂರವಿದ್ದರೆ ಅವರ ಹೆಸರು ಹಿಡಿದು ಕಾಗದ ಬರೆಯಿರಿ. ಅನುಮತಿ ಕೊಡಿಸುವುದು ನಮ್ಮ ಕೈಯಲ್ಲಿಲ್ಲ. ಅಲ್ಲಿಯವರೆಗೆ ಅವರನ್ನು ಒಂಟಿ ಮಾಡದಿರುವುದು ನಮ್ಮ ಕೈಯಲ್ಲೇ ಇದೆ.