ಅಮ್ಮನಿಗೊಂದು ಆರಾಮ ಕುರ್ಚಿ

ಮರ ಕೊಂಡ ರಸೀದಿ ಸರಿಯಾಗಿಯೇ ಇತ್ತು. ಆದರೂ ಮರ ತರುವಾಗ ಹಿಡಿದ ಬಡಗಿಯ ಗಾಡಿಯನ್ನು ಇನ್ಸ್‌ಪೆಕ್ಟರ್ ಬಿಡಲಿಲ್ಲ. ಅಲೆದು ಅಲೆದು ಬಡಗಿಯ ಚಪ್ಪಲಿ ಸವೆದ ಮೇಲೆ ದನಿ ತಗ್ಗಿಸಿ ಹೇಳಿದ: "ನಮ್ಮಮ್ಮನಿಗೆ ಮಂಡಿನೋವು ಕಣಯ್ಯ. ಮನೆಗೆ ಹೋಗಿ ಅಳತೆ ತಗೊಂಡು ಒಂದು ಆರಾಮ ಕುರ್ಚಿ ಮಾಡಿಕೊಡು. ಗಾಡಿ ತಗೊಂಡು ಹೋಗು."

ಬಡಗಿ ಅಳತೆ ತಗೊಂಡ, ಕುರ್ಚಿನೂ ಮಾಡಿದ. ಪಾಲಿಶ್ ಹಚ್ಚುತ್ತಾ ಕೂತಾಗ ಮಾತ್ರ ಅವನಿಗೆ ಹೊಟ್ಟೆ ಉರಿದುಹೋಯಿತು. ನನ್ನ ಗಾಡಿಗೆ ನಾನ್ಯಾಕೆ ಲಂಚ ಕೊಡಬೇಕು? ಎದ್ದವನೇ ಲಂಚ ಹಿಡಿಯುವ ಇಲಾಖೆಗೆ ಹೋಗಿ ದೂರು ಕೊಟ್ಟ. ಮಾರನೇ ದಿನ ಅವರು ಹೇಳಿದಂತೆ ಜೇಬಿನಲ್ಲಿ ರೆಕಾರ್ಡರ್ ಬಚ್ಚಿಟ್ಟುಕೊಂಡು ಕುರ್ಚಿಯನ್ನು ಠಾಣೆಗೇ ಒಯ್ದ. ಇನ್ಸ್‌ಪೆಕ್ಟರ್ ಹೊಸ ಕುರ್ಚಿಗೆ ಒರಗಿ, ಕಾಲು ಚಾಚಿ, "ಭೇಷ್!" ಅನ್ನುತ್ತಾ ಗಾಡಿಯ ಕೀಲಿ ಎಸೆದ. ಅಷ್ಟರಲ್ಲಿ ಆ ಇಲಾಖೆಯ ಅಧಿಕಾರಿಗಳು ಒಳಗೆ ಬಂದರು.

ಮೊಕದ್ದಮೆ ಸರ್ಕಾರಿ ವಕೀಲೆಯ ಪಾಲಿಗೆ ಬಂತು. ಕೆಲಸಕ್ಕೆ ಹೊಸಬಳು. "ಹುತ್ತಕ್ಕೆ ಕೈ ಹಾಕ್ತಿದ್ದೀಯ" ಅಂತ ಹಿರಿಯರು ಎಚ್ಚರಿಸಿದರು. "ಹಾವು ಹೊರಗೆ ಬಂದು ಕುರ್ಚಿ ಮೇಲೆ ಕೂತಾಗಿದೆಯಲ್ಲ ಸಾರ್" ಅಂದಳು. ಬಾಯಲ್ಲಿ ಧೈರ್ಯವಿದ್ದರೂ ಒಳಗೊಳಗೆ ಪುಕಪುಕ.

ಪುಕಪುಕ ಸುಳ್ಳಾಗಲಿಲ್ಲ. ಗುಟ್ಟಾಗಿ ಮಾಡಿದ ರೆಕಾರ್ಡಿಂಗಿನಲ್ಲಿ ಠಾಣೆಯ ಹಳೇ ಫ್ಯಾನಿನ ಗರಗರ ಬಿಟ್ಟರೆ ಏನೂ ಕೇಳಿಸಲಿಲ್ಲ. ಇನ್ಸ್‌ಪೆಕ್ಟರ್ ಎದೆ ಉಬ್ಬಿಸಿ ಹೇಳಿದ: "ಈ ಮನುಷ್ಯ ನಮ್ಮ ಮನೆ ಹೊಸಿಲು ತುಳಿದಿಲ್ಲ. ದ್ವೇಷಕ್ಕೆ ಕುರ್ಚಿ ತಂದು ಠಾಣೆಯಲ್ಲಿಟ್ಟ. ಕುರ್ಚಿ ಕಂಡರೆ ಯಾರಾದರೂ ಕೂರ್ತಾರೆ, ಸ್ವಾಮಿ."

ನ್ಯಾಯಾಧೀಶರೂ ಹೌದೆನ್ನುವಂತೆ ತಲೆಯಾಡಿಸಿದಾಗ ವಕೀಲೆ ಕಡತದ ಹಾಳೆಗಳನ್ನು ಮತ್ತೆ ಮೊದಲಿನಿಂದ ತಿರುವಿದಳು.

ಗೆದ್ದೇಬಿಟ್ಟೆವು ಅಂತ ಇನ್ಸ್‌ಪೆಕ್ಟರನ ವಕೀಲರಿಗೆ ಹುರುಪು ಬಂತು. "ಇವರ ನಡತೆ ಎಂಥದು ಅಂತ ಹೆತ್ತ ತಾಯಿಯೇ ಹೇಳಲಿ" ಅಂದರು. ಇನ್ಸ್‌ಪೆಕ್ಟರನ ಮುಖ ಬಿಳುಚಿಕೊಂಡಿತು. ವಕೀಲರಿಗೂ ಅವನು ನಿಜ ಹೇಳಿರಲಿಲ್ಲ. ಈಗ ಬೇಡ ಅನ್ನೋಣವೆಂದರೆ ಯಾಕೆ ಅಂತ ಹೇಳಬೇಕಾಗುತ್ತದಲ್ಲ!

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮ ಕೋಲೂರಿಕೊಂಡು ಬಂದರು. ಯಾರೋ ಆಗದವರು ಮಗನ ಮೇಲೆ ಏನೋ ಹೇಳಿದ್ದಾರೆ ಅನ್ನುವುದಷ್ಟೇ ಅವರಿಗೆ ಗೊತ್ತು.

"ನಿಮ್ಮ ಮಗ ಎಂಥವರಮ್ಮ?"

"ಬಂಗಾರದಂಥವನು! ನನಗೆ ಮಂಡಿನೋವು ಅಂತ ಬಡಗೀನ ಮನೆಗೇ ಕಳಿಸಿದ. ಎಷ್ಟು ಮಕ್ಕಳು ಹೀಗೆ ನೋಡ್ಕೋತಾರೆ, ಹೇಳಿ?"

ಇನ್ಸ್‌ಪೆಕ್ಟರನ ವಕೀಲರು ತಟ್ಟನೆ ಕೂತುಬಿಟ್ಟರು. ಸರ್ಕಾರಿ ವಕೀಲೆ ಮೆಲ್ಲಗೆ ಎದ್ದಳು.

"ಯಾವ ಬಡಗಿ, ಅಮ್ಮ?"

"ಅಗೋ, ಅಲ್ಲೇ ಕೂತಿದ್ದಾನಲ್ಲ! ಕಿವಿ ಮೇಲೇ ಪೆನ್ಸಿಲ್ ಇಟ್ಕೊಂಡು ಅದನ್ನೇ ಮನೆಯೆಲ್ಲಾ ಹುಡುಕಿದ ಪುಣ್ಯಾತ್ಮ." ಅಷ್ಟರಲ್ಲಿ ಸಾಕ್ಷಿಯಾಗಿ ಮೂಲೆಯಲ್ಲಿಟ್ಟಿದ್ದ ಕುರ್ಚಿ ಅವರ ಕಣ್ಣಿಗೆ ಬಿತ್ತು. "ಅಯ್ಯೋ, ನಾನು ಹೇಳಿದ ಹಾಗೇ ಅಗಲ ಕೈ ಇಟ್ಟಿದ್ದಾನೆ, ಇದು ನನ್ನ ಕುರ್ಚಿ! ಇಲ್ಯಾಕಿದೆ? ದುಡ್ಡು ಕೊಟ್ಟಾಯ್ತು, ಇನ್ನೇನು ಬರುತ್ತೆ ಅಂದಿದ್ದೆಯಲ್ಲೋ?"

ಮಗ ತಲೆ ಎತ್ತಲಿಲ್ಲ.

"ಕೊಟ್ಟಿದ್ದೀಯ ತಾನೇ?"

ಮಗ ಕಣ್ಣು ತಪ್ಪಿಸಿ ಗೋಡೆ ಕಡೆ ತಿರುಗಿದ. ಅಮ್ಮನಿಗೆ ಎಲ್ಲವೂ ಅರ್ಥವಾಯಿತು. ಕೋಲನ್ನು ನೆಲಕ್ಕೆ ಕುಟ್ಟಿದರು. "ಥೂ, ಮುಟ್ಠಾಳ! ಅವನ ಬೆವರಿನ ಮೇಲೆ ನನ್ನನ್ನ ಕೂರಿಸೋಕೆ ಹೊರಟಿದ್ಯಾ?" ನ್ಯಾಯಾಧೀಶರು ಗಂಭೀರವಾಗಿ ಕರವಸ್ತ್ರ ತೆಗೆದು ಇಲ್ಲದ ನೆಗಡಿ ಒರೆಸಿಕೊಂಡರು.

ಶಿಕ್ಷೆಯಾಯಿತು. ನೌಕರಿಯೂ ಹೋಯಿತು. ತೀರ್ಪಿನ ದಿನ ವಕೀಲೆಗೆ ಗೆದ್ದ ಖುಷಿಯ ಜೊತೆಗೇ ಏನೋ ಚುಚ್ಚುತ್ತಿತ್ತು. ಹೊರಗೆ ಅಮ್ಮ ಸಿಕ್ಕಾಗ ಮಾತು ತಡವರಿಸಿತು.

"ಅಮ್ಮ, ನಾನು ನಿಮ್ಮನ್ನ ಹಾಗೆ..."

"ಅಳೋದಿದ್ರೆ ನಾನು ಅಳಬೇಕು, ನೀನ್ಯಾಕೆ ಮುಖ ಸಣ್ಣ ಮಾಡ್ಕೋತೀಯ? ನಿನ್ನ ಕೆಲಸ ನೀನು ಮಾಡಿದೆ. ಅವನು ಅವನ ಕೆಲಸ ಮಾಡಿದ್ದಿದ್ರೆ ಇಷ್ಟೆಲ್ಲ ಯಾಕಾಗ್ತಿತ್ತು? ಜೈಲಿಗೆ ಹೋಗಿ ನೋಡ್ತೀನಿ, ಬೈತೀನಿ, ಊಟ ಮಾಡ್ದೆಯಾ ಅಂತಲೂ ಕೇಳ್ತೀನಿ. ಈಗ ಕೈ ಕೊಡು, ಮೆಟ್ಟಿಲು ಇಳಿಸು."

ಕೆಳಗೆ ಬಡಗಿ ಬಿಡುಗಡೆಯಾದ ಗಾಡಿಯನ್ನು ಒರೆಸುತ್ತಿದ್ದ. ಅಮ್ಮನನ್ನು ಕಂಡು ಕಕ್ಕಾಬಿಕ್ಕಿಯಾಗಿ, ಆಮೇಲೆ ಬಾಗಿಲು ತೆಗೆದ. "ಹತ್ತಿ ಅಮ್ಮ, ಮನೆಗೆ ಬಿಡ್ತೀನಿ."

ಅಮ್ಮ ಮುಂದಿನ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡರು. "ನಂಗೊಂದು ಬೇರೆ ಕುರ್ಚಿ ಮಾಡಿಕೊಡು. ಏನು ತಗೋತೀಯ?"

ಬಡಗಿ ಬೆಲೆ ಹೇಳಿದ.

"ಏನಪ್ಪಾ, ಹಗಲು ದರೋಡೆ! ಅರ್ಧಕ್ಕೆ ಕೊಡು."

"ಮರದ ದುಡ್ಡೂ ಹುಟ್ಟಲ್ಲ, ಅಮ್ಮ!"

ಗಾಡಿ ಹೊರಟಿತು. ತಿರುವು ದಾಟುವವರೆಗೂ ಇಬ್ಬರ ಚೌಕಾಸಿ ಕೇಳುತ್ತಲೇ ಇತ್ತು. ವಕೀಲೆ ಮೆಟ್ಟಿಲ ಮೇಲೆ ಒಬ್ಬಳೇ ನಿಂತು ನಕ್ಕಳು. ಬೆಳಗಿನಿಂದ ಏನೂ ತಿಂದಿಲ್ಲ ಅನ್ನುವುದು ಆಗ ನೆನಪಾಯಿತು.