ಬಿಚ್ಚಲು ಬರುವ ಟಾರ್ಚ್

ನಮ್ಮ ಯಜಮಾನರು ಲಿಫ್ಟ್ ಮೆಕ್ಯಾನಿಕ್. ಕರೆಂಟ್ ಹೋದಾಗಲೇ ಇವರಿಗೆ ಕೆಲಸ ಜಾಸ್ತಿ. ಹಾಗಾಗಿ ಟಾರ್ಚ್ ಇಲ್ಲದೆ ಇವರ ಕೈಕಾಲೇ ಆಡುವುದಿಲ್ಲ. ಆದರೆ ನಮ್ಮ ಮೇಜಿನ ಖಾನೆಯಲ್ಲಿ ಕೆಟ್ಟುಹೋದ ಟಾರ್ಚ್‌ಗಳೇ ನಾಲ್ಕಿದ್ದವು. ಒಂದೂ ವರ್ಷದ ಮೇಲೆ ಬಾಳಿದ್ದಲ್ಲ.

ಐದನೆಯದನ್ನು ತಂದ ದಿನ ಅದನ್ನು ನನ್ನ ಹೊಲಿಗೆ ಮಷಿನ್ ಮೇಲಿಟ್ಟು ಬೀಗಿದರು.

“ನೋಡು, ಎಲ್ಲೂ ಒಂದು ಸ್ಕ್ರೂ ಇಲ್ಲ, ಮುಚ್ಚಳ ಇಲ್ಲ. ಚಾರ್ಜ್ ಮಾಡಿದ್ರೆ ಸಾಕು, ಬಿಚ್ಚೋಕೇ ಬರಲ್ಲ. ಅಷ್ಟು ಭದ್ರ!”

“ಕೆಟ್ರೆ ಏನ್ರೀ ಮಾಡ್ತೀರಾ?”

“ಒಳಗೆ ಏನೂ ಹೋಗೋ ಹಾಗೇ ಇಲ್ಲ. ಕೆಡೋದು ಹೇಗೆ?”

ಇದು ಇವರ ಲೆಕ್ಕಾಚಾರ. ಇವರ ಅಕ್ಕ, ಅಂದರೆ ನಮ್ಮ ಅತ್ತಿಗೆ, ನಮ್ಮ ಬೀದಿಯಲ್ಲೇ ರೇಡಿಯೊ, ಟಾರ್ಚ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಎಲ್ಲರೂ ಅವರನ್ನು ‘ಸ್ಕ್ರೂ ಅಕ್ಕ’ ಎನ್ನುತ್ತಾರೆ. ಬಿಚ್ಚಲು ಬರುವ ಟಾರ್ಚ್ ತಗೋ ಎಂದು ಅವರು ಬಡಕೊಂಡರೂ ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. “ಅದು ನಿನ್ನ ವ್ಯಾಪಾರದ ಮಾತು” ಎಂದು ನಕ್ಕುಬಿಟ್ಟರು.

ಎಂಟು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನಾನು ಹೊಲಿದ ಪರದೆಗಳನ್ನು ಕೊಡಲು ಎದುರಿನ ಕಟ್ಟಡಕ್ಕೆ ಹೋದೆ. ಎರಡನೇ ಮಹಡಿ ದಾಟುತ್ತಿದ್ದಂತೆ ಕರೆಂಟ್ ಹೋಗಿ ಲಿಫ್ಟ್ ನಿಂತಿತು. ಕಗ್ಗತ್ತಲು. ನನಗೆ ಉಬ್ಬಸ ಬೇರೆ. ಮೊಬೈಲೂ ಇನ್ಹೇಲರೂ ಮನೆಯಲ್ಲೇ ಉಳಿದಿದ್ದವು. ಬಾಗಿಲು ಬಡಿದೆ, ಕೂಗಿದೆ. ವಾಚ್‌ಮನ್ ಓಡಿಹೋಗಿ ಇವರನ್ನು ಕರೆತಂದ.

ಮುಂದಿನದನ್ನು ಆಮೇಲೆ ಇವರೇ ಹೇಳಿದರು. ಕರೆಂಟ್ ಇಲ್ಲದೆ ಲಿಫ್ಟ್ ಇಳಿಸಲು ಮೇಲಿನ ಮೋಟರ್ ಕೋಣೆಗೆ ಹೋಗಬೇಕು. ಒಂದು ಕೈಯಲ್ಲಿ ಬ್ರೇಕ್ ಬಿಡಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಬೇಕು. ಉಕ್ಕಿನ ಹಗ್ಗದ ಮೇಲಿನ ಬಣ್ಣದ ಗುರುತು ನೋಡಿದರೇನೇ ಲಿಫ್ಟ್ ಮಹಡಿಗೆ ಸಮನಾಗಿದೆಯೋ ಇಲ್ಲವೋ ತಿಳಿಯುವುದು. ಆ ಕೋಣೆಗೆ ಕಿಟಕಿಯಿಲ್ಲ. ಇವರು ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಚಕ್ರಕ್ಕೆ ಕೈ ಹಾಕಿದ್ದೇ ತಡ, ಅದು ಆರಿಹೋಯಿತು. ಹಿಂದಿನ ದಿನವಷ್ಟೇ ಪೂರ್ತಿ ಚಾರ್ಜ್ ಮಾಡಿದ್ದರು, ಆದರೆ ಒಳಗಿನ ಬ್ಯಾಟರಿಯೇ ಸವೆದಿತ್ತು. ಮೊಬೈಲ್ ಬೆಳಕಿಗೆ ಗ್ರೀಸ್ ಮೆತ್ತಿದ ಗುರುತು ಕಾಣಲೇ ಇಲ್ಲ. ಕೆಳಗಿನಿಂದ ನನ್ನ ಕೆಮ್ಮು ಕೇಳಿಸುತ್ತಿತ್ತಂತೆ.

ಸುದ್ದಿ ತಿಳಿದ ಅತ್ತಿಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಆ ಕೋಣೆಗೆ ಬಂದರು. ಅವರ ಟಾರ್ಚೂ ಮಂಕಾಗಿತ್ತು.

“ಒಂದ್ನಿಮಿಷ ತಡಿಯೋ” ಎಂದವರೇ ಹಿಂದಿನ ಮುಚ್ಚಳ ತಿರುಗಿಸಿ, ಹಳೇ ಸೆಲ್ ತೆಗೆದು, ಚೀಲದಲ್ಲಿದ್ದ ಇನ್ನೊಂದು ಸೆಲ್ ಹಾಕಿದರು. ಕೋಣೆ ಬೆಳಗಿತು.

ಅವರು ಹಗ್ಗದ ಗುರುತಿಗೆ ಬೆಳಕು ಹಿಡಿದರು, ಇವರು ಚಕ್ರ ತಿರುಗಿಸಿದರು. ಲಿಫ್ಟ್ ಮೆಲ್ಲಗೆ ಎರಡನೇ ಮಹಡಿಗೆ ಇಳಿಯಿತು. ಬಾಗಿಲು ತೆರೆದು ಗಾಳಿ ಮುಖಕ್ಕೆ ತಾಗಿತು ನೋಡಿ, ಹೋದ ಜೀವ ಬಂದಂತಾಯಿತು. ವಾಚ್‌ಮನ್ ನಮ್ಮ ಮನೆಯಿಂದ ಇನ್ಹೇಲರ್ ತಂದಿಟ್ಟಿದ್ದ. ಇವರು ಅಕ್ಕನ ಜೊತೆ ಮೇಲಿನಿಂದ ಓಡಿಬಂದು ನನ್ನ ಕೈ ಹಿಡಿದುಕೊಂಡರು. ಎಷ್ಟು ಹೊತ್ತಾದರೂ ಬಿಡಲಿಲ್ಲ.

“ಅಕ್ಕ, ನಿನ್ನ ಟಾರ್ಚ್ ಹೊಸದಾ?”

“ಎಂಟು ವರ್ಷದ್ದು ಕಣೋ. ಸೆಲ್ ಸವೆದಾಗ ಸೆಲ್ ಬದಲಾಯಿಸ್ದೆ. ಹೋದ ತಿಂಗಳು ದೀಪದ ಭಾಗ ಮಾತ್ರ ಬಿಚ್ಚಿ, ಇನ್ನೂ ಜೋರಾಗಿ ಬೆಳಗೋದು ಹಾಕ್ದೆ. ಉಳಿದದ್ದೆಲ್ಲ ಹಳೇದೇ.”

“ಬಿಚ್ಚೋಕೆ ಬಂದ್ರೆ ಒಳಗೆ ನೀರು ಹೋಗಲ್ವಾ?”

“ಮುಚ್ಚಳಕ್ಕೆ ರಬ್ಬರ್ ರಿಂಗ್ ಇದೆಯಲ್ಲ! ಅದು ಹಾಳಾದ್ರೆ ಅದನ್ನೂ ಬದಲಾಯಿಸ್ಬಹುದು. ನಿನ್ನ ಭದ್ರವಾದ ಟಾರ್ಚ್‌ಗೆ ನಾನೇನೋ ಮಾಡ್ಲಿ? ಸುತ್ತಿಗೆ ತಗೊಂಡು ಒಡೀಬೇಕಷ್ಟೆ.”

ಅಳುತ್ತಿದ್ದ ನನಗೂ ನಗು ಬಂತು.

“ನಾಳೆ ಅಂಗಡಿಗೆ ಬರ್ತೀನಿ ಅಕ್ಕ.”

“ನಾಳೆ ಯಾಕ್ರೀ? ಈಗ್ಲೇ ನಡೀರಿ” ಎಂದೆ. ಮೂವರೂ ಮೆಟ್ಟಿಲು ಇಳಿದೇ ಹೋದೆವು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಟಾರ್ಚ್ ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ಅಂಗಡಿಯಲ್ಲೇ ಬಿಚ್ಚಿ ನೋಡಿ. ಸೆಲ್ ಬದಲಾಯಿಸಬಹುದೇ, ಆ ಅಳತೆಯ ಸೆಲ್ ಹತ್ತಿರದಲ್ಲಿ ಸಿಗುತ್ತದೆಯೇ, ಮುಂದೆ ಇನ್ನೂ ಒಳ್ಳೆಯ ದೀಪ ಬಂದರೆ ಇದಕ್ಕೇ ಕೂರಿಸಬಹುದೇ ಎಂದು ಬಾಯಿಬಿಟ್ಟು ಕೇಳಿ. ಕೇಳಲು ಸಂಕೋಚ ಬೇಡ. ಲಿಫ್ಟಿನೊಳಗೆ ಉಸಿರು ಬಿಗಿಹಿಡಿದು ಬೆಳಕಿಗೆ ಕಾದವಳು ನಾನು. ನಿಮ್ಮ ಮನೆಯವರು ಯಾರೂ ಹಾಗೆ ಕಾಯುವುದು ಬೇಡ.