ಅಕ್ಕನ ಬಾಗಿಲಲ್ಲಿ ನಾಹೋದಾ ಬ್ವಾನಹೇರಿ

ತನ್ನ ಮನೆಯೊಳಗೆ ಕಾಲಿಡಲು ತನ್ನದೇ ಅಪ್ಪಣೆ ಕೇಳುವ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡದ್ದು ಒಬ್ಬರನ್ನೇ. ಲಾಮು ದ್ವೀಪದ ನಮ್ಮ ಊರಿನಲ್ಲಿ, ಎರಡು ಕತ್ತೆಗಳು ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕಾದಷ್ಟು ಇಕ್ಕಟ್ಟಾದ ಗಲ್ಲಿಯ ಕೊನೆಯ ಮನೆಯ ಮುಂದೆ ನಾಹೋದಾ ಬ್ವಾನಹೇರಿಯವರು ಬಂದು ನಿಲ್ಲುತ್ತಾರೆ, ಕಸೂತಿ ಟೋಪಿಯನ್ನು ಸರಿಪಡಿಸಿಕೊಳ್ಳುತ್ತಾರೆ, ಸಣ್ಣಗೆ ಕೆಮ್ಮಿ "ಹೋಡಿ" ಎನ್ನುತ್ತಾರೆ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿವೆ, ಮಕ್ಕಳಿಲ್ಲ, ಒಳಗಿರುವುದು ಒಂದು ಮುದಿ ಬೆಕ್ಕು. ಮೂರು ಸಲ ಕೂಗಿ, ಆಮೇಲೆ ತಾವೇ ದನಿ ಬದಲಿಸಿ "ಕರೀಬು, ಬನ್ನಿ ಬನ್ನಿ" ಎಂದು ಉತ್ತರ ಕೊಟ್ಟುಕೊಂಡು, ಹೊಸ ನೆಂಟನ ಸಂಕೋಚದಿಂದ ಒಳಗೆ ಹೋಗುತ್ತಾರೆ.

ಹೋಡಿ ಎನ್ನುವ ಮರ್ಯಾದೆ ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಇದೆ. ಹೊರಗೆ ನಿಂತವನು ಮೂರು ಸಲ ಹೋಡಿ ಎನ್ನಬೇಕು. ಒಳಗಿನಿಂದ ಕರೀಬು ಬಂದರೆ ಹೋಗಬೇಕು, ಬಾರದಿದ್ದರೆ ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳದೆ ಹಿಂದಿರುಗಬೇಕು. ಆದರೆ ನಾವೆಲ್ಲ ಅದನ್ನು ಅನುಕೂಲಕ್ಕೆ ತಕ್ಕಂತೆ ಬಗ್ಗಿಸಿಕೊಂಡವರು. ಹೋಡಿ ಎನ್ನುತ್ತಲೇ ಅರ್ಧ ಒಳಗೆ ಹೋಗಿರುತ್ತೇವೆ. ಬ್ವಾನಹೇರಿಯವರಿಗೆ ಮಾತ್ರ ಅದು ಸಮುದ್ರದ ನಿಯಮದಷ್ಟೇ ಕಟ್ಟುನಿಟ್ಟು. ಒಮ್ಮೆ ಹಲ್ವದ ಅಂಗಡಿಯ ಹಿತ್ತಲಿಗೆ ಬೆಂಕಿ ಬಿದ್ದು ಊರಿಗೆ ಊರೇ ಬಕೆಟ್ಟು ಹಿಡಿದು ಒಳಗೆ ನುಗ್ಗುತ್ತಿದ್ದಾಗ, ಇವರು ತುಂಬಿದ ಕೊಡವನ್ನು ಎದೆಗವಚಿಕೊಂಡು ಹೊಸ್ತಿಲಾಚೆ ನಿಂತು ಎರಡನೆಯ ಹೋಡಿಗೆ ಉತ್ತರ ಕಾಯುತ್ತಿದ್ದರು. ಹಲ್ವದವನು ಒಳಗಿನಿಂದ ಬೈದ ಬೈಗುಳವನ್ನೇ ಕರೀಬು ಎಂದು ಭಾವಿಸಿ ಮುಂದೆ ಹೋದರಂತೆ. ಆ ಕಥೆಯನ್ನು ನಮ್ಮ ಜಗಲಿಗಳ ಮೇಲೆ ಈಗಲೂ ಹೇಳಿಕೊಂಡು ನಗುತ್ತಾರೆ, ಹೇಳುವಾಗ ಅವರೂ ಕೂತು ಕೇಳುತ್ತಾರೆ.

ಅವರ ನಡಿಗೆಯನ್ನು ಗಲ್ಲಿಯ ಆ ತುದಿಯಿಂದಲೇ ಗುರುತು ಹಿಡಿಯಬಹುದು. ಜೀವಮಾನವೆಲ್ಲ ಹಾಯಿಹಡಗಿನ ಹಲಗೆಯ ಮೇಲೆ ನಿಂತು ನಾಹೋದಾಗಿರಿ, ಅಂದರೆ ಹಡಗಿನ ಯಜಮಾನಿಕೆ, ನಡೆಸಿದ ಕಾಲುಗಳು ನೆಲದ ಸ್ಥೈರ್ಯವನ್ನು ಇನ್ನೂ ಪೂರ್ತಿ ನಂಬಿಲ್ಲ. ಒಂದು ಹೆಜ್ಜೆಯನ್ನು ಅಗಲವಾಗಿ ಊರಿ, ಒಂದು ಕ್ಷಣ ಪರೀಕ್ಷಿಸಿ, ಆಮೇಲೆ ಇನ್ನೊಂದನ್ನು ಎತ್ತುತ್ತವೆ. ಗೋಡೆಯ ಸುಣ್ಣವೂ ಬೆವರುವ ಸೆಕೆಯಲ್ಲಿ ಬಿಳಿಯ ನಿಲುವಂಗಿಯ ಮೇಲೊಂದು ಕಪ್ಪು ಕೋಟು. ಏಡನ್ ಬಂದರಿನಲ್ಲಿ ಕೊಂಡದ್ದು, ಈಗ ಬಣ್ಣ ಯಾವುದೆಂದು ಕೇಳಿದರೆ ಯೋಚಿಸಿ ಹೇಳಬೇಕು. ಅದರ ನಡುವಿನ ಗುಂಡಿಯೊಂದು ಮಾತ್ರ ಕೆಂಪು ದಾರದಲ್ಲಿ ಹೊಲಿದದ್ದು. ದಾರ ಸವೆದು ಗುಂಡಿ ಜೋತಾಡತೊಡಗಿ ವರ್ಷಗಳಾದರೂ ದರ್ಜಿಯ ಕೈಗೆ ಕೋಟು ಕೊಟ್ಟವರಲ್ಲ. ದರ್ಜಿಯ ಅಂಗಡಿಯ ಮುಂದೆ ಹಾದುಹೋಗುವಾಗ ಆ ಗುಂಡಿಯ ಮೇಲೆ ಅಂಗೈ ಇಟ್ಟುಕೊಂಡೇ ಹೋಗುತ್ತಾರೆ.

ಯಾವ ಪ್ರಶ್ನೆ ಕೇಳಿದರೂ ಅವರದು ಒಂದೇ ಉತ್ತರ: "ಗಾಳಿ ತಿರುಗ್ಲಿ, ನೋಡೋಣ." ಮೀನಿನ ಬೆಲೆ ಇಳಿಯುವುದೇ, ಮಂಡಿನೋವು ಕಡಿಮೆಯಾಯಿತೇ, ಮಸೀದಿಯ ಬಾವಿಗೆ ಹೊಸ ಪಂಪು ಬರುವುದೇ, ಎಲ್ಲಕ್ಕೂ ಅದೇ. ಆರು ತಿಂಗಳು ಒಂದು ದಿಕ್ಕಿನಿಂದ, ಆರು ತಿಂಗಳು ಇನ್ನೊಂದು ದಿಕ್ಕಿನಿಂದ ಬೀಸುವ ಗಾಳಿಯನ್ನೇ ನಂಬಿ ಬಾಳಿದವರಿಗೆ ಹಾಗನ್ನಿಸುವುದು ಸಹಜ. ಶುಕ್ರವಾರ ಮಾತ್ರ ಆ ಮಾತಿಗೆ ಬೇರೆಯೇ ತೂಕವಿರುತ್ತಿತ್ತು.

ನಮ್ಮ ಮನೆಯ ಎದುರುಮನೆ ಅವರ ಅಕ್ಕ ಬೀ ಮ್ವಾನೇಶಾರದು. ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಗೆ ಹೋಗುತ್ತದೆ, ಗಂಡುಮಕ್ಕಳಿಗೆ ಸಮುದ್ರವಿದೆ. ತಾಯಿ ತೀರಿಕೊಂಡಾಗ ಬ್ವಾನಹೇರಿ ಇನ್ನೂ ಅಂಬೆಗಾಲಿನ ಕೂಸು; ಅಕ್ಕನೇ ಸೊಂಟದ ಮೇಲೆ ಹೊತ್ತು, ಬೈದು, ಉಣಿಸಿ ದೊಡ್ಡವನನ್ನಾಗಿ ಮಾಡಿದಳು. ತಮ್ಮನ ಹಡಗು ಹಾಯಿ ಇಳಿಸುತ್ತ ಕಡಲ ಕಾಲುವೆಯ ಬಾಯಿಗೆ ಬರುತ್ತಿದ್ದಂತೆ ಅವನು ಮುಂಗಡೆ ನಿಂತು ಇಡೀ ಊರಿಗೆ ಕೇಳುವಂತೆ "ಹೋಡಿ" ಎಂದು ತಮಾಷೆಗೆ ಕೂಗುತ್ತಿದ್ದನಂತೆ. ಮನೆಯ ಮಾಳಿಗೆಯ ಮೇಲಿನಿಂದ ಅಕ್ಕ ಸೆರಗು ಬೀಸಿ "ಕರೀಬು" ಎನ್ನುತ್ತಿದ್ದಳಂತೆ. ದಡಕ್ಕಿಳಿದ ಮೇಲೆ ಮಾತ್ರ ಹೋಡಿಯೂ ಇಲ್ಲ, ಕರೀಬುವೂ ಇಲ್ಲ, ನೇರವಾಗಿ ಅಡುಗೆಮನೆಗೆ ನುಗ್ಗಿ ಮಡಕೆಯ ಮುಚ್ಚಳ ತೆಗೆದು ನೋಡುವುದು. ಅಕ್ಕನ ಮನೆಗೆ ಯಾರಾದರೂ ಅಪ್ಪಣೆ ಕೇಳುತ್ತಾರೆಯೇ ಎಂಬ ಸಲಿಗೆ ಅದು.

ಆ ಸಲಿಗೆಯೇ ಒಂದು ವರ್ಷ ಮುಳುವಾಯಿತು. ಹಡಗು ಹವಳದ ಬಂಡೆಗೆ ಬಡಿದು ಹಾಯಿ ಕಟ್ಟುವ ಕೂವೆಮರ ಮುರಿಯಿತು. ಹಡಗನ್ನೇ ನಂಬಿದ್ದ ನಾವಿಕರ ಮನೆಗಳಲ್ಲಿ ಒಲೆ ಆರುವ ಸ್ಥಿತಿ ಬಂತು. ಮ್ವಾನೇಶಾ ಆಗ ಮಗಳ ಬಾಣಂತನಕ್ಕೆಂದು ಮೊಂಬಾಸಾಕ್ಕೆ ಹೋಗಿದ್ದಳು. ಹಳೆಯ ಬಾಗಿಲುಗಳನ್ನು ಹುಡುಕಿಕೊಂಡು ಬಂದಿದ್ದ ವ್ಯಾಪಾರಿಯೊಬ್ಬ ಆ ಮನೆಯ ಹೆಬ್ಬಾಗಿಲನ್ನು ಕಂಡು ನಿಂತುಬಿಟ್ಟ. ಮುತ್ತಜ್ಜನ ಕಾಲದ್ದು, ಚೌಕಟ್ಟಿನ ತುಂಬ ತಾವರೆ, ಮೀನು, ಸರಪಳಿಯ ಕೆತ್ತನೆ. ನಾವಿಕರ ಮನೆಗಳ ಒಲೆ ಉರಿಯಲೆಂದು ಬ್ವಾನಹೇರಿ ಹಿಂದುಮುಂದು ಯೋಚಿಸದೆ ಅದನ್ನು ಚೌಕಟ್ಟು ಸಮೇತ ಕಿತ್ತು ಮಾರಿದರು. ಅಕ್ಕ ಬೇಡವೆನ್ನುತ್ತಾಳೆಯೇ ಎಂದುಕೊಂಡರು. ಅಕ್ಕ ಹಿಂದಿರುಗಿ ಬಂದಾಗ ಅವಳ ಮನೆಗೆ ತಗಡು ಹೊಡೆದ ಹಲಗೆಯೊಂದು ಬಾಗಿಲಾಗಿ ನಿಂತಿತ್ತು. ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ; ನಮ್ಮ ಮನೆಯ ಹೆಂಗಸರ ಹತ್ತಿರ ಒಂದೇ ಮಾತು ಹೇಳಿದಳು.

"ಕೇಳಿದ್ರೆ ನಾನೇ ನಿಂತು ಕಿತ್ತು ಕೊಡ್ತಿದ್ದೆ. ಕೇಳ್ಲಿಲ್ಲ ಅವನು."

ಅಂದಿನಿಂದ ತಮ್ಮನಿಗೆ ಆ ಮನೆಯಿಂದ ಕರೀಬು ಬರಲಿಲ್ಲ. ಅಂದಿನಿಂದಲೇ ತಮ್ಮ ಕಂಡ ಕಂಡ ಬಾಗಿಲಲ್ಲೆಲ್ಲ, ಕೊನೆಗೆ ತನ್ನ ಬಾಗಿಲಲ್ಲೂ, ಹೋಡಿ ಎನ್ನತೊಡಗಿದ್ದು. ನಗುವವರಿಗೆ ಇದು ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ನಗುತ್ತೇವೆ, ನಮ್ಮ ಊರೇ ಹಾಗೆ.

ಪ್ರತಿ ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಅವರು ಆ ತಗಡಿನ ಬಾಗಿಲ ಮುಂದೆ ಬರುತ್ತಿದ್ದರು. ಬಿರುಗಾಳಿಯಲ್ಲಿ ಕೂವೆಮರದ ತುದಿಯವನಿಗೂ ಕೇಳಿಸುತ್ತಿದ್ದ ದನಿ ಅಲ್ಲಿ ಮಾತ್ರ ಹತ್ತಿಯಷ್ಟು ಮೆತ್ತಗಾಗುತ್ತಿತ್ತು. ಮೂರು ಹೋಡಿ, ಒಳಗೆ ಮೌನ. ಆಮೇಲೆ ಅಕ್ಕನ ಜಗಲಿಯ ಮೇಲೆ ಕೂತು, ಕಾಫಿ ಮಾರುವ ಸೆಲೆಮಾನಿಯಿಂದ ಶುಂಠಿ ಕಾಫಿ ಕುಡಿದು, ಎದ್ದು ಹೋಗುತ್ತಿದ್ದರು. ಎದುರು ಜಗಲಿಯಿಂದ ನೋಡುತ್ತಿದ್ದ ನನಗೆ ಒಂದು ಸಂಗತಿ ತಿಳಿದಿತ್ತು. ಆ ಹೊತ್ತಿಗೆ ಒಳಗೆ ಅಕ್ಕ ಒರಳಿನಲ್ಲಿ ಏನನ್ನಾದರೂ ಕುಟ್ಟುತ್ತಿರುತ್ತಾಳೆ. ಮೊದಲ ಹೋಡಿಗೆ ಕುಟ್ಟುವ ಸದ್ದು ನಿಲ್ಲುತ್ತದೆ, ಮೂರನೆಯದು ಮುಗಿದು ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಗುತ್ತದೆ. ಇಷ್ಟು ವರ್ಷ ಅವಮಾನ ಏಕೆ ನುಂಗುತ್ತೀರೆಂದು ಯಾರೋ ಕೇಳಿದಾಗ ಅವರು ಹೇಳಿದ್ದೂ ಅದನ್ನೇ: "ಒರಳು ನಿಲ್ಲುತ್ತಲ್ಲಪ್ಪ. ನನಗಷ್ಟು ಸಾಕು. ಗಾಳಿ ತಿರುಗ್ಲಿ, ನೋಡೋಣ."

ಹೋದ ವರ್ಷದ ದೊಡ್ಡ ಮಳೆ ಮುಗಿದ ಮೇಲೆ ಒಂದು ಶುಕ್ರವಾರ ಒರಳು ನಿಲ್ಲಲಿಲ್ಲ. ಮೂರು ಹೋಡಿಗೂ ಕುಟ್ಟುವ ಸದ್ದು ಒಂದೇ ಸಮನೆ ನಡೆದೇ ಇತ್ತು. ಬ್ವಾನಹೇರಿಯವರು ಅಂದು ಕಾಫಿ ಕುಡಿಯಲಿಲ್ಲ. ಮುಂದಿನ ಶುಕ್ರವಾರವೂ ಹಾಗೇ ಆಯಿತು. ಅಷ್ಟು ದೊಡ್ಡ ದೇಹ ಕೋಟಿನೊಳಗೆ ಕುಗ್ಗಿದ್ದನ್ನು ನಾನು ಮೊದಲ ಸಲ ಕಂಡದ್ದು ಆವತ್ತು. ಅಕ್ಕನಿಗೆ ಎಪ್ಪತ್ತು ದಾಟಿದೆ, ಕಿವಿ ಮಂದವಾಗಿರಬಹುದು, ಸ್ವಲ್ಪ ಗಟ್ಟಿಯಾಗಿ ಕೂಗಿ ನೋಡಿ ಎಂದು ನಾನೇ ಹೇಳಿದೆ. ಅವರು ತಲೆಯಾಡಿಸಿದರು. ಗಟ್ಟಿಯಾಗಿ ಕೂಗಿದರೆ ಅದು ಕೇಳಿದಂತಲ್ಲ, ಹುಕುಂ ಮಾಡಿದಂತೆ ಎಂಬುದು ಅವರ ವಾದ. ಆದರೆ ಅವರ ಹೆದರಿಕೆ ಬೇರೆಯೇ ಇತ್ತೆಂದು ನನಗನ್ನಿಸುತ್ತದೆ. ಗಟ್ಟಿಯಾಗಿ ಕೂಗಿಯೂ ಒರಳು ನಿಲ್ಲದಿದ್ದರೆ, ಅಕ್ಕ ತನ್ನನ್ನು ಪೂರ್ತಿಯಾಗಿ ಬಿಟ್ಟಳೆಂದೇ ಅರ್ಥ. ಆಮೇಲೆ ಶುಕ್ರವಾರಗಳಿಗೆ ಕಾಯಲು ಏನೂ ಉಳಿಯುವುದಿಲ್ಲ.

ಆ ದಿನಗಳಲ್ಲಿ ಮ್ವಾನೇಶಾರ ಮಾಳಿಗೆಯ ಕೋಣೆಯಲ್ಲಿ ಅತಿಥಿಯೊಬ್ಬಳಿದ್ದಳು. ಊರು ನೋಡಲು ಬರುವವರಿಗೆ ಅವರು ಆ ಕೋಣೆ ಬಾಡಿಗೆಗೆ ಕೊಡುವುದುಂಟು. ಸೋಲ್ವೇ ಎಂದು ಹೆಸರು, ನಾರ್ವೆ ದೇಶದ ನಿವೃತ್ತ ದಾದಿ, ಬಿಸಿಲಿಗೆ ಮೂಗು ಕೆಂಪಾದ, ಸದಾ ನಗುಮುಖದ ದೊಡ್ಡ ಹೆಂಗಸು. ಎರಡು ದಿನಕ್ಕೆಂದು ಬಂದವಳು ನಮ್ಮ ಊರಿನ ನಿಧಾನ ಹಿಡಿಸಿ ಮೂರು ವಾರ ಉಳಿದಳು. ಮ್ವಾನೇಶಾ ಅವಳಿಗೆ ತೆಂಗಿನ ಹಾಲಿನ ಅನ್ನ ಮಾಡುವುದನ್ನೂ ನಾಲ್ಕು ಮಾತುಗಳನ್ನೂ ಕಲಿಸಿದ್ದರು. ಅದರಲ್ಲಿ ಮೊದಲನೆಯ ಪಾಠವೇ ಇದು: ಬಾಗಿಲಲ್ಲಿ ಯಾರಾದರೂ ಹೋಡಿ ಎಂದರೆ ಕರೀಬು ಎನ್ನಬೇಕು, ಕರೀಬು ಎನ್ನದ ಮನೆ ಮನೆಯೇ ಅಲ್ಲ. ಹೇಳುವವರು ತಮ್ಮ ಬಾಯಿಂದ ಏನು ಹೊರಟಿತೆಂದು ಗಮನಿಸಲಿಲ್ಲವೋ, ಗಮನಿಸಿಯೂ ಸುಮ್ಮನಾದರೋ, ನಾನರಿಯೆ.

ಮೂರನೆಯ ಶುಕ್ರವಾರ ಬ್ವಾನಹೇರಿಯವರು ಬಂದರು. ಒಳಗೆ ಒರಳಿನ ಸದ್ದು. ಮೊದಲ ಹೋಡಿಗೆ ನಿಲ್ಲಲಿಲ್ಲ, ಎರಡನೆಯದಕ್ಕೂ ನಿಲ್ಲಲಿಲ್ಲ. ಮೂರನೆಯದನ್ನು ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ ನನಗೆ ತುಟಿ ಅಲುಗಿದ್ದಷ್ಟೇ ಕಂಡಿತು. ಆಗ ಮಾಳಿಗೆಯ ಕಿಟಕಿಯಿಂದ, ಪಾಠ ಒಪ್ಪಿಸುವ ಉತ್ಸಾಹದಲ್ಲಿ, ದೊಡ್ಡದಾಗಿ ಕೇಳಿಬಂತು: "ಕರೀಬು! ಕರೀಬು ಸಾನಾ!", ಅಂದರೆ ದಯವಿಟ್ಟು ಬನ್ನಿ ಎಂದು.

ಸೆಲೆಮಾನಿಯ ಕೈಯಲ್ಲಿ ಕಿಣಿಕಿಣಿಗುಟ್ಟುತ್ತಿದ್ದ ಕಾಫಿ ಬಟ್ಟಲುಗಳು ನಿಂತವು. ಮೊದಲು ಬಾಯಿಬಿಟ್ಟವನು ಅವನೇ.

"ಕರೆದಾಯ್ತಲ್ಲ ನಾಹೋದಾ, ಇನ್ನೇನು ನೋಡ್ತಿದೀರಿ? ಹೋಗಿ ಒಳಗೆ."

ನನ್ನ ಪಕ್ಕದಲ್ಲಿ ಕೂತಿದ್ದ ಮದ್ರಸಾದ ಗುರು, ಮ್ವಾಲಿಮು ಬದಿ ಎಂಬವರು, ಒಪ್ಪಲಿಲ್ಲ. ಕರೆದದ್ದು ಬಾಡಿಗೆಯ ಅತಿಥಿ, ಮನೆಯೊಡತಿಯಲ್ಲ. ಅದು ಲೆಕ್ಕಕ್ಕಿಲ್ಲ ಎಂದರು. ಅತಿಥಿಯ ಮಾತನ್ನು ಬೀಳಿಸಿದರೆ ಮನೆಗೇ ಅವಮಾನ ಎಂದು ಸೆಲೆಮಾನಿ ವಾದಿಸಿದ. ಇವರಿಬ್ಬರ ನಡುವೆ ಬ್ವಾನಹೇರಿಯವರು ತಗಡಿನ ಮೇಲೆ ಕೈಯಿಟ್ಟು ನಿಂತೇ ಇದ್ದರು. ಒಳಗೆ ಹೋಗಿ, ಅಕ್ಕ ಹೊರಗೆ ಹಾಕಿದರೆ, ಜಗಲಿಯೂ ಹೋಯಿತು. ಹಿಂದಿರುಗಿದರೆ, ಇಷ್ಟು ವರ್ಷಗಳಲ್ಲಿ ಆ ಮನೆಯಿಂದ ಬಂದ ಒಂದೇ ಕರೀಬು ಕೈತಪ್ಪಿತು. ಅಷ್ಟರಲ್ಲಿ ಮೆಟ್ಟಿಲಿಳಿದು ಬಂದ ಸೋಲ್ವೇ ಬಾಗಿಲು ಎಳೆದಳು. ತುಕ್ಕು ಹಿಡಿದ ತಗಡು ಕಿರ್ರೆಂದಿತು. ಬಾಗಿಲಲ್ಲಿದ್ದವರ ನೆರಳು ಅಂಗಳಕ್ಕೆ ಬಿದ್ದದ್ದೇ ಒಳಗೆ ಒರಳು ನಿಂತಿತು.

ಸೋಲ್ವೇ ಅಕ್ಕ ತಮ್ಮ ಇಬ್ಬರ ಮುಖವನ್ನೂ ನೋಡಿ, ತನ್ನಿಂದ ಏನೋ ತಪ್ಪಾಯಿತೆಂದು ನಗು ಮಾಸಿ ನಿಂತಳು. ಆಗ ಅಂಗಳದಿಂದ ಮ್ವಾನೇಶಾರ ದನಿ ಬಂತು, ಬಹಳ ಕಾಲದಿಂದ ನಾವು ಕೇಳದಿದ್ದ ಗದರಿಕೆಯ ದನಿ.

"ಚಪ್ಪಲಿ ಅಲ್ಲೇ ಬಿಟ್ಟು ಬಾ. ಈಗಷ್ಟೇ ಗುಡಿಸಿದೀನಿ."

ಅವರು ಚಪ್ಪಲಿ ಬಿಟ್ಟರು. ಒಂದನ್ನು ಬಿಡಲು ಗೋಡೆ ಹಿಡಿದುಕೊಳ್ಳಬೇಕಾಯಿತು. ಒಳಗೆ ನಡೆದದ್ದನ್ನೆಲ್ಲ ನಾನು ಕಂಡವನಲ್ಲ, ಆದರೆ ಬಾಗಿಲು ತೆರೆದೇ ಇತ್ತು, ಕಿವಿ ಮಂದವಾದವರ ಮಾತು ಗಟ್ಟಿಯಾಗಿಯೇ ಇರುತ್ತದೆ.

"ಎರಡು ಶುಕ್ರವಾರ ಎಲ್ಲಿ ಸತ್ತಿದ್ದೆ ನೀನು?"

"ಬಂದಿದ್ದೆ ಅಕ್ಕ."

"ಸುಳ್ಳು ಹೇಳ್ಬೇಡ. ಒರಳು ಕುಟ್ಕೊಂಡು ಕಾಯ್ತಾನೇ ಇದ್ದೆ, ಹೋಡಿ ಅನ್ಲೇ ಇಲ್ಲ. ಕೊನೆಗೂ ಬೇಜಾರಾಯ್ತು ಇವನಿಗೆ, ಬಿಟ್ಬಿಟ್ಟ ಅಂದ್ಕೊಂಡೆ. ಇವತ್ತೂ ಬರ್ದೇ ಇದ್ದಿದ್ರೆ ನಾನೇ ಬರೋಳಿದ್ದೆ, ಬದುಕಿದೀಯೋ ಇಲ್ವೋ ನೋಡೋಕೆ."

ನನ್ನ ಕಣ್ಣು ಒದ್ದೆಯಾಗಿದ್ದನ್ನು ಮರೆಮಾಚುವ ಅಗತ್ಯ ಬೀಳಲಿಲ್ಲ, ಏಕೆಂದರೆ ಮ್ವಾಲಿಮು ಬದಿಯವರು ತಮ್ಮದನ್ನು ಒರೆಸಿಕೊಳ್ಳುವುದರಲ್ಲಿದ್ದರು.

ಇಳಿಹೊತ್ತಿನ ಅಸರ್ ನಮಾಜಿನ ಕರೆಗೆ ಬ್ವಾನಹೇರಿಯವರು ಹೊರಗೆ ಬಂದರು. ಮೈಮೇಲೆ ಕೋಟು ಇರಲಿಲ್ಲ. ಬರಿಯ ನಿಲುವಂಗಿಯಲ್ಲಿ ಅವರ ಹೆಗಲು ನಾವೆಣಿಸಿದ್ದಕ್ಕಿಂತ ಎಷ್ಟೋ ಸಣ್ಣದು, ಅವರನ್ನು ಆ ವೇಷದಲ್ಲಿ ಊರು ಕಂಡದ್ದೇ ಇಲ್ಲ. ಕೋಟೆಲ್ಲಿ ಎಂದು ಸೆಲೆಮಾನಿ ಕೇಳಿದ್ದಕ್ಕೆ, ಹಿಂದೆ ತಾನೇ ಹೊಲಿದಿದ್ದ ಗುಂಡಿಯನ್ನು ಮತ್ತೆ ಹೊಲಿಯಲು ಅಕ್ಕ ಇಟ್ಟುಕೊಂಡಿದ್ದಾಳೆ, ಕೆಂಪು ದಾರ ಮುಗಿದಿದೆಯಂತೆ, ನಾಳೆ ಬಂದು ಇಸಕೊಂಡು ಹೋಗಬೇಕಂತೆ ಎಂದರು. ಹೇಳುವಾಗ ಕೈ ಮಾತ್ರ ಅಭ್ಯಾಸಬಲದಿಂದ ಇಲ್ಲದ ಗುಂಡಿಯ ಜಾಗಕ್ಕೇ ಹೋಗಿತ್ತು.

ಅತಿಥಿಯ ಕರೀಬು ಲೆಕ್ಕಕ್ಕುಂಟೋ ಇಲ್ಲವೋ ಎಂಬ ಜಿಜ್ಞಾಸೆ ನಮ್ಮ ಜಗಲಿಗಳ ಮೇಲೆ ಇನ್ನೂ ಇತ್ಯರ್ಥವಾಗಿಲ್ಲ. ಸೋಲ್ವೇ ತನ್ನ ದೇಶಕ್ಕೆ ಹೋಗಿಯಾಯಿತು, ವಾದ ಮಾತ್ರ ಇಲ್ಲೇ ಉಳಿದಿದೆ. ನಾಹೋದಾರನ್ನೇ ಕೇಳಿದರೆ ಅವರ ತೀರ್ಪು ಇಷ್ಟು: "ಅಕ್ಕ ಕರೀದೇ ಇದ್ದಿದ್ದು ನನ್ನ. ಆ ಯಮ್ಮ ಕರೆದಿದ್ದು ಬಾಗಿಲಲ್ಲಿ ನಿಂತೋನನ್ನ. ನಿಂತಿದ್ದೋನು ನಾನೇ ಆಗಿದ್ರೆ ನಾನೇನ್ಮಾಡ್ಲಿ?"

ಕೋಟು ತರಲು ಮರುದಿನ ಅವರು ಬಂದದ್ದನ್ನು ಹೇಳದೆ ಈ ಚಿತ್ರ ಪೂರ್ಣವಾಗದು. ಅಕ್ಕನ ಅಪ್ಪಣೆಯಾಗಿತ್ತಂತೆ, ಇನ್ನು ಮೇಲೆ ಗಟ್ಟಿಯಾಗಿ ಕೂಗಬೇಕೆಂದು. ತಗಡಿನ ಬಾಗಿಲ ಮುಂದೆ ಕಾಲು ಅಗಲಿಸಿ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ಕಾಲುವೆಯ ಬಾಯಲ್ಲಿ ಹಾಯಿ ಇಳಿಸುತ್ತಿದ್ದ ಕಾಲದ ದನಿಯಲ್ಲಿ ಅವರು "ಹೋಡಿ" ಎಂದಾಗ ಗಲ್ಲಿಯ ಕತ್ತೆಗಳೆಲ್ಲ ಕಿವಿ ನಿಮಿರಿಸಿದವು. ಎರಡನೆಯದಕ್ಕೆ ಅವಕಾಶವೇ ಬರಲಿಲ್ಲ.

ಇಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರಿರುತ್ತಾರೆ, ಒಂದು ಸಲ ಕೇಳದೆ ಹೋದದ್ದಕ್ಕೆ ಉಳಿದ ಆಯುಷ್ಯವನ್ನೆಲ್ಲ ಕೇಳುವುದರಲ್ಲೇ ಕಳೆಯುವವರು. ಅವರ ವಿನಯ ನಮಗೆ ಗೀಳಾಗಿ ಕಾಣುತ್ತದೆ, ಅವರ ತಾಳ್ಮೆ ಮಾನವಿಲ್ಲದ್ದಾಗಿ ಕಾಣುತ್ತದೆ, ಹರಟೆಗೆ ಅವರು ನಮಗೆ ಒಳ್ಳೆಯ ವಸ್ತು. ಆದರೆ ಮನೆ ಮನೆಗಳಲ್ಲಿ ಮುನಿಸಿಕೊಂಡು ಬಾಗಿಲು ಹಾಕಿ ಕೂತವರು, ಯಾರಿಗೂ ಹೇಳದೆ, ಕೈಯ ಕೆಲಸ ನಿಲ್ಲಿಸಿ ಕಿವಿಗೊಡುವುದು ಇಂಥವರ ದನಿಗಾಗಿಯೇ.